ಲಾಗ್ ಅಳಿಸುವ ಮೊದಲು ಒಮ್ಮೆ ಓದಿ

ಕಂಪ್ಯೂಟರಿನಲ್ಲಿ ಜಾಗ ತುಂಬಿದೆ ಎಂದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಡಿಲೀಟ್ ಮಾಡು.’ ತುಂಬಿರುವುದು ಹಳೆಯ ಸಿನಿಮಾ ಆದರೆ ಸರಿ. ಆದರೆ ಲಾಗ್ ಕಡತ ತುಂಬಿದ್ದರೆ ಅದನ್ನು ಓದದೆ ಅಳಿಸಬಾರದು ಎಂಬುದು ನನ್ನ ವಾದ. ಇದು ಕಂಪ್ಯೂಟರ್ ಸೈನ್ಸಿನವರ ವಿಷಯ, ಕಾಮರ್ಸಿನವಳಿಗೆ ಯಾಕೆ ಎಂದು ಕೆಲವರು ಕೇಳಬಹುದು. ಅಕೌಂಟೆನ್ಸಿ ಓದುವವರಿಗೇ ಇದು ಬೇಗ ಅರ್ಥವಾಗುತ್ತದೆ ಎಂದು ನನಗನಿಸುತ್ತದೆ.

ಲಾಗ್ ಎಂದರೆ ಯಂತ್ರ ಬರೆಯುವ ರೋಜುಕಿರ್ದಿ. ಯಾವ ಗಳಿಗೆಯಲ್ಲಿ ಏನಾಯಿತು ಎಂದು ಸಾಲುಸಾಲಾಗಿ ಬರೆದಿಡುವುದು. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಒಂದು ಭಾಗದ ಹೆಸರೇ ‘ಜರ್ನಲ್’. (ರೋಜುಕಿರ್ದಿಯಲ್ಲಿರುವ ‘ರೋಜು’ ನಮ್ಮ ಮನೆಯಲ್ಲಿ ದಿನಾ ಆಡುವ ‘ರೋಜ್’. ಜಮಾ, ಖರ್ಚು, ಬಾಕಿ ಕೂಡ ಹಾಗೆಯೇ. ಕನ್ನಡದ ಲೆಕ್ಕದ ಪುಸ್ತಕ ಮೊದಲ ಸಲ ತೆರೆದಾಗ ಅರ್ಧ ಪದಗಳು ನೆಂಟರಂತೆ ಕಂಡವು.)

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಬ್ಬಾ ಅವರದು ಮಾಗಡಿ ರಸ್ತೆಯಲ್ಲಿ ಟೈಲರ್‌ಗಳಿಗೆ ಬೇಕಾದ ಬಟನ್, ಜಿಪ್, ಲೈನಿಂಗ್ ಬಟ್ಟೆಯ ಸಣ್ಣ ಅಂಗಡಿ. ಚಿಕ್ಕಪೇಟೆಯಿಂದ ತಂದ ಸರಕಿನ ಬಿಲ್ಲುಗಳ ಫೋಟೊ ಪ್ರತಿ ರಾತ್ರಿ ಅವರ ಫೋನಿನಿಂದ ಮನೆಯ ಸರ್ವರಿಗೆ ತಾನಾಗಿ ಹೋಗುತ್ತದೆ. ಸರ್ವರ್ ಎಂದರೆ ದೊಡ್ಡದೇನಲ್ಲ. ಒಂದು ಹಳೆಯ ಡೆಸ್ಕ್‌ಟಾಪ್, ಅದರೊಳಗೆ 1 ಟಿಬಿ ಹಾರ್ಡ್ ಡಿಸ್ಕ್, 16 ಜಿಬಿ ಪೆನ್ ಡ್ರೈವಿನಲ್ಲಿ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶ. ಗೂಗಲ್ ಕೊಡುವ ಉಚಿತ 15 ಜಿಬಿ ಮುಗಿದಾಗ ಖಾಲಾ ಅವರ ಮಗ ಭಾಯಿ ಜೋಡಿಸಿಕೊಟ್ಟದ್ದು. ಆಟದ ಸಾಮಾನಲ್ಲ ಇದು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಬೇಕು. ಥರ್ಮಲ್ ಕಾಗದದ ಬಿಲ್ಲು ಅಷ್ಟು ಕಾಲ ಎಲ್ಲಿ ಉಳಿಯುತ್ತದೆ? ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಚೀಟಿಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಸರ್ವರಿನ ಲಾಗಿನ್ ಪುಟ ತೆರೆಯದಂತಾಯಿತು. ನೋಡಿದರೆ ಪೆನ್ ಡ್ರೈವ್ ನೂರಕ್ಕೆ ನೂರು ತುಂಬಿತ್ತು. ದೊಡ್ಡ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಒಂದು ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಇನ್ನೊಂದು ಖಾತೆಯ ಚೆಕ್ ಬೌನ್ಸ್ ಆಗುತ್ತದಲ್ಲ, ಹಾಗೆ. ‘ಲಾಗ್ ಭರ್ ಗಯಾ’ ಎಂದು ಭಾಯಿ ಫೋನಿನಲ್ಲಿ ಹೇಳಿದ್ದು ಕೇಳಿ ಅಮ್ಮಿ, ‘ಕೌನ್ ಲೋಗಾಂ?’ ಎಂದು ಬಾಗಿಲ ಕಡೆ ನೋಡಿದರು. ನೆಂಟರು ಬಂದು ಮನೆ ತುಂಬಿದರು ಎಂದುಕೊಂಡಿದ್ದರು.

ಭಾಯಿ ದೊಡ್ಡ ಲಾಗ್ ಕಡತವನ್ನು ಅಳಿಸಿದರು. ಆದರೂ ಜಾಗ ಬರಲಿಲ್ಲ. ಕಡತದ ಹೆಸರು ಅಳಿದರೂ, ಬರೆಯುತ್ತಿರುವ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿರುವ ತನಕ ಲಿನಕ್ಸ್ ಆ ಜಾಗವನ್ನು ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲವೂ ಸರಿಯಾದಂತೆ ಕಂಡಿತು. ನಾಲ್ಕು ದಿನಕ್ಕೆ ಮತ್ತೆ ತುಂಬಿತು. ಆಗ ಭಾಯಿ ಹೇಳಿದ ಉಪಾಯ ಎರಡು: ಪ್ರತಿ ರಾತ್ರಿ ಲಾಗ್ ತಾನಾಗಿ ಅಳಿಯುವಂತೆ ಮಾಡುವುದು, ಇಲ್ಲವೇ ತುಂಬಾ ಬರೆಯುತ್ತಿರುವ ಪ್ರೋಗ್ರಾಂಗೆ ಬರೆಯಬೇಡ ಎಂದು ಹೇಳಿಬಿಡುವುದು.

ಭಾಯಿಗಿಂತ ನಾನು ಚಿಕ್ಕವಳು, ಆದರೂ ಒಪ್ಪಲಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗಬಹುದು. ಅದು ತಪ್ಪು ಸಿಗುವ ತನಕ ಮಾತ್ರ. ಪ್ರತಿ ದಿನ ಸಸ್ಪೆನ್ಸ್‌ಗೆ ಹಾಕುತ್ತಾ ಹೋಗುವ ಗುಮಾಸ್ತನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಓದಲು ಕುಳಿತೆ. ಲಕ್ಷಗಟ್ಟಲೆ ಸಾಲು. ಹೆಚ್ಚು ಕಡಿಮೆ ಎಲ್ಲವೂ ಫೋಟೊ ನಕಲಿಸುವ ಪ್ರೋಗ್ರಾಮಿನವು: ಈ ಫೋಟೊ ಬರೆಯಲಾಗಲಿಲ್ಲ, ಈ ಫೋಟೊ ಬರೆಯಲಾಗಲಿಲ್ಲ. ಒಂದೊಂದು ಫೋಟೊವನ್ನೂ ಮತ್ತೆ ಮತ್ತೆ ಪ್ರಯತ್ನಿಸಿ, ಪ್ರತಿ ಸಲವೂ ಒಂದು ಸಾಲು ಬರೆದಿತ್ತು. ತಪ್ಪು ಅದರದ್ದೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಗಲಾಟೆ ಶುರುವಾದ ಸಮಯ ಹಿಡಿದು ಅದಕ್ಕಿಂತ ಸ್ವಲ್ಪ ಹಿಂದೆ ಹೋದರೆ ಬೇರೆಯೇ ದನಿಯ ಏಳೆಂಟು ಸಾಲುಗಳಿದ್ದವು. ಅವು ಕರ್ನೆಲ್ ಬರೆದವು. ಡಿಸ್ಕಿನ ಸಂಪರ್ಕ ಕಡಿಯಿತು, ಮತ್ತೆ ಜೋಡಿಸಲು ನೋಡಿದೆ, ಆಗಲಿಲ್ಲ, ಡಿಸ್ಕನ್ನು ಓದಲು ಮಾತ್ರ ಬಿಟ್ಟಿದ್ದೇನೆ ಎಂಬ ಅರ್ಥದವು. ಕೂಗಾಡುತ್ತಿದ್ದ ಪ್ರೋಗ್ರಾಂ ದೂರು ಕೊಡುತ್ತಿತ್ತು ಅಷ್ಟೇ. ಅದರ ಬಾಯಿ ಮುಚ್ಚಿಸಿದ್ದರೆ ಪೆನ್ ಡ್ರೈವ್ ತುಂಬುತ್ತಿರಲಿಲ್ಲ, ಬಿಲ್ಲುಗಳು ಮಾತ್ರ ಸೇರದೇ ಹೋಗುತ್ತಿದ್ದವು, ಯಾರಿಗೂ ತಿಳಿಯುತ್ತಿರಲಿಲ್ಲ. ಪರಿಶೀಲಿಸಿದಾಗ ಆ ತಿಂಗಳ ಒಂಬತ್ತು ದಿನದ ಬಿಲ್ಲು ಸರ್ವರಿನಲ್ಲಿ ಇರಲೇ ಇಲ್ಲ. ಪುಣ್ಯಕ್ಕೆ ಅಬ್ಬಾ ಫೋನಿನಿಂದ ಇನ್ನೂ ಅಳಿಸಿರಲಿಲ್ಲ.

ಡಿಸ್ಕ್ ಸಾಯುತ್ತಿದೆಯೋ, ವೈರ್ ಕೆಟ್ಟಿದೆಯೋ ತಿಳಿಯುವ ದಾರಿಯೂ ಇದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಅದನ್ನು ಸ್ಮಾರ್ಟ್ ಎನ್ನುತ್ತಾರೆ. ಅದರಲ್ಲಿ 5 ಮತ್ತು 197ನೇ ಬಾಬ್ತುಗಳು ಏರುತ್ತಿದ್ದರೆ ಡಿಸ್ಕಿನ ಮೇಲ್ಮೈಯೇ ಹಾಳಾಗುತ್ತಿರುವ ಸೂಚನೆ, ಕೂಡಲೇ ನಕಲು ತೆಗೆಯಬೇಕು. 199ನೇ ಬಾಬ್ತು ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ ಅಥವಾ ಅದರ ಸಡಿಲ ಜೋಡಣೆ. ನಮ್ಮದರಲ್ಲಿ ಮೊದಲಿನೆರಡು ಸೊನ್ನೆ, 199 ನಾಲ್ಕಂಕಿ ದಾಟಿತ್ತು. ವಿಜಯನಗರದಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಯಲ್ಲಿ ಹೊಸ ಸಾಟಾ ಕೇಬಲ್ ತಂದೆವು. ಕೇಬಲ್ಲಿಗೆ ನೂರು ರೂಪಾಯಿಯೂ ಆಗಲಿಲ್ಲ. 199ರ ಅಂಕಿ ಕೇಬಲ್ ಬದಲಿಸಿದರೂ ಇಳಿಯುವುದಿಲ್ಲ, ಅದನ್ನು ಆರಂಭಿಕ ಶಿಲ್ಕು ಎಂದು ಬರೆದುಕೊಂಡು ಮುಂದೆ ಏರುತ್ತದೆಯೇ ಎಂದು ನೋಡಬೇಕು. ಏರಿಲ್ಲ.

ಹಾಗೆಂದು ಎಲ್ಲ ಲಾಗನ್ನೂ ಕೊನೆತನಕ ಕೂಡಿಡಿ ಎನ್ನುತ್ತಿಲ್ಲ. ಯಾರ ಫೋನ್ ಎಷ್ಟು ಹೊತ್ತಿಗೆ ಮನೆಯ ಸರ್ವರಿಗೆ ಸೇರಿತು ಎಂಬುದೂ ಅದರಲ್ಲಿರುತ್ತದೆ. ಆಪಾ ಅದನ್ನು ನೋಡಿ ಮುಖ ಗಂಟಿಕ್ಕಿದ್ದು ಸರಿಯೇ. ಹಳೆಯದನ್ನು ಒತ್ತಿ ಸಣ್ಣದು ಮಾಡಿ, ಇಷ್ಟು ವಾರ ಆದ ಮೇಲೆ, ಇಷ್ಟು ಗಾತ್ರ ದಾಟಿದ ಮೇಲೆ ಎಸೆ ಎಂದು ಲಿನಕ್ಸ್‌ಗೆ ಹೇಳಬಹುದು. ಪೆನ್ ಡ್ರೈವ್ ಸವೆಯದಿರಲಿ ಎಂದು ಕೆಲವರು ಲಾಗನ್ನು ರ‍್ಯಾಮಿನಲ್ಲಿ ಇಡುತ್ತಾರೆ. ಕರೆಂಟ್ ಹಠಾತ್ತನೆ ಹೋದರೆ ಬೇಕಾದ ಸಾಲುಗಳೂ ಅದರ ಜೊತೆ ಹೋಗುತ್ತವೆ. ಯುಪಿಎಸ್ ಇಲ್ಲದ ನಮ್ಮಂಥ ಮನೆಗೆ ಇದು ಬೇಡ.

ದೊಡ್ಡವರ ಲೋಕದಲ್ಲಿ ಇದು ಈಗ ಕಾನೂನೇ ಆಗಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ದಾಖಲೆಯನ್ನು ಯಾರೂ ಆಫ್ ಮಾಡಲಾಗಬಾರದು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಅದನ್ನು ‘ಎಡಿಟ್ ಲಾಗ್’ ಎನ್ನುತ್ತಾರೆ. ಸರ್ವರುಗಳನ್ನು ನಡೆಸುವ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟಿರಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕಂಪನಿಗಳ ಆ ನಿಯಮ ಅಬ್ಬಾ ಅವರ ಅಂಗಡಿಗೆ ಅನ್ವಯಿಸುವುದಿಲ್ಲ. ಆದರೆ ನಾಳೆ ನಾವು ಕೆಲಸಕ್ಕೆ ಸೇರುವ ಆಫೀಸಿಗೆ ಅನ್ವಯಿಸಬಹುದು.

ಇಲ್ಲಿ ನಮ್ಮ ಕಾಲೇಜಿನ ಲ್ಯಾಬಿನ ಬಗ್ಗೆಯೂ ಒಂದು ಕೋರಿಕೆ ಇದೆ. ಯಂತ್ರ ಕೈಕೊಟ್ಟರೆ ಫಾರ್ಮ್ಯಾಟ್ ಆಗಿ ಬರುತ್ತದೆ, ತಿಂಗಳ ಮೇಲೆ ಅದೇ ಯಂತ್ರ ಮತ್ತೆ ನಿಲ್ಲುತ್ತದೆ, ನಾವು ಇಬ್ಬಿಬ್ಬರು ಒಂದು ಕೀಬೋರ್ಡಿಗೆ ಕೂರುತ್ತೇವೆ. ಫಾರ್ಮ್ಯಾಟ್ ಮಾಡುವ ಮೊದಲು ತೆರೆಯ ಮೇಲೆ ಏನು ಬಂತು, ಲಾಗಿನಲ್ಲಿ ಮೊದಲ ದೋಷ ಯಾವ ಹೊತ್ತಿನದು, ಏನು ಬದಲಿಸಿದರು ಎಂದು ಬರೆಯಲು ಒಂದು ಲಾಂಗ್ ಬುಕ್ ಇಡಿಸಿ. ಲ್ಯಾಬ್ ಸರ್ ಒಬ್ಬರೇ ಇಷ್ಟೆಲ್ಲ ಬರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಬುಧವಾರ ಕೊನೆಯ ಪೀರಿಯಡ್ ನಮಗೆ ಬಿಡುವಿರುತ್ತದೆ. ಕಾಮರ್ಸ್ ವಿಭಾಗದಿಂದ ನಾವು ನಾಲ್ವರು ಸರದಿಯಲ್ಲಿ ಬಂದು ಬರೆಯುತ್ತೇವೆ.