ಕೊನೆಯವರನ್ನು ಬಿಟ್ಟು ಹೋಗದ ಓಟ

ಸಕ್ಕರೆ ಕಾಯಿಲೆ ಇರುವವರಿಗೆ ‘ದಿನಾಲೂ ಅರ್ಧ ಗಂಟೆ ನಡೆಯಿರಿ’ ಎಂದು ಹೇಳದ ವೈದ್ಯರಿಲ್ಲ. ಯುನಾನಿ ವೈದ್ಯನಾದ ನಾನೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ತಿಂಗಳು ಕೇಳಿದರೆ ಹೆಚ್ಚಿನವರು ನಾಲ್ಕು ದಿನ ನಡೆದು ಬಿಟ್ಟಿರುತ್ತಾರೆ. ಐವತ್ತು ದಾಟಿದ ಒಬ್ಬ ತಾಯಿಯನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. “ಯಾರ ಜೊತೆ ಹೋಗಲಿ ಡಾಕ್ಟ್ರೇ?” ಎಂದರು. ನನ್ನ ಚೀಟಿಯಲ್ಲಿ ಮದ್ದಿತ್ತು, ಪಥ್ಯವಿತ್ತು. ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಕಂಡುಕೊಂಡ ಒಂದು ಕೂಟ ಬ್ರಿಟನ್ನಿನಲ್ಲಿದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಮಂದಿ ಸೇರಿ 5 ಕಿಲೋಮೀಟರ್ ಓಡಿದರು. ಏರ್ಪಡಿಸಿದವರು ಪಾಲ್ ಸಿಂಟನ್-ಹೆವಿಟ್. ಅವರು ಸ್ವತಃ ಓಟಗಾರರಾದರೂ ಆಗ ಗಾಯದಿಂದಾಗಿ ಓಡಲಾಗುತ್ತಿರಲಿಲ್ಲ, ಕೆಲಸವೂ ಹೋಗಿತ್ತು. ಗೆಳೆಯರ ಒಡನಾಟವಾದರೂ ಉಳಿಯಲಿ ಎಂದು ಓಟ ಏರ್ಪಡಿಸಿ, ಸಮಯ ಬರೆದುಕೊಳ್ಳುತ್ತಾ ನಿಂತರು. ಇಂದು ‘ಪಾರ್ಕ್‌ರನ್’ ಎಂಬ ಹೆಸರಿನಲ್ಲಿ ಅದೇ ಕೂಟ 20ಕ್ಕೂ ಹೆಚ್ಚು ದೇಶಗಳಲ್ಲಿ, ಪ್ರತಿ ಶನಿವಾರ ಬೆಳಿಗ್ಗೆ ನಡೆಯುತ್ತಿದೆ.

ಅದು ಬೆಳೆದದ್ದು ಹೇಗೆ? ಶುಲ್ಕವಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಸಾಕು. ಎಲ್ಲ ಕೆಲಸವನ್ನೂ ಸ್ವಯಂಸೇವಕರೇ ಮಾಡುತ್ತಾರೆ. ವಾರ, ಹೊತ್ತು, ಜಾಗ ಬದಲಾಗುವುದಿಲ್ಲ. ಓಡಬಹುದು, ನಡೆಯಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಏರ್ಪಾಟು. ಪ್ರತಿ ಕೂಟದಲ್ಲೂ ಒಬ್ಬ ಸ್ವಯಂಸೇವಕನ ಕೆಲಸ ಎಲ್ಲರಿಗಿಂತ ಹಿಂದೆ ನಡೆಯುವುದು. ಎಷ್ಟೇ ನಿಧಾನವಾಗಿ ಬರುವವರಿದ್ದರೂ ಅವರು ಗುರಿ ಮುಟ್ಟಿದ ಮೇಲೆಯೇ ಅವನು ಮುಟ್ಟುತ್ತಾನೆ. ಹಾಗಾಗಿ ಬಂದವರಲ್ಲಿ ಯಾರೂ ‘ಕೊನೆಯವರು’ ಆಗುವುದಿಲ್ಲ.

2018ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ರಾಯಲ್ ಕಾಲೇಜು ಈ ಕೂಟದೊಂದಿಗೆ ಕೈಜೋಡಿಸಿತು. ಸಾವಿರಕ್ಕೂ ಹೆಚ್ಚು ಕ್ಲಿನಿಕ್‌ಗಳು ತಮ್ಮ ಊರಿನ ಪಾರ್ಕ್‌ರನ್ ಜೊತೆ ನಂಟು ಬೆಳೆಸಿಕೊಂಡು ರೋಗಿಗಳನ್ನು ಅಲ್ಲಿಗೆ ಕಳುಹಿಸತೊಡಗಿದವು. ‘ಯಾರ ಜೊತೆ ಹೋಗಲಿ’ ಎಂದು ಕೇಳಿದರೆ ಅಲ್ಲಿನ ವೈದ್ಯರ ಬಳಿ ಹೇಳಲು ಒಂದು ಜಾಗ, ಒಂದು ಹೊತ್ತು ಇದೆ.

2024ರಲ್ಲಿ ಪಾರ್ಕ್‌ರನ್ ವೇಗದ ದಾಖಲೆಗಳ ಪಟ್ಟಿಯನ್ನು ತೆಗೆದುಹಾಕಿತು. ಹೊಸಬರು ಅದನ್ನು ನೋಡಿ ಅಂಜಬಾರದು ಎಂಬುದು ಉದ್ದೇಶ. ಸ್ಪರ್ಧೆಯೇ ಹುರುಪು ಕೊಡುವುದು ಎಂದು ವೇಗದ ಓಟಗಾರರು ಬೇಸರಪಟ್ಟರು. ಸ್ಪರ್ಧೆ ತಪ್ಪಲ್ಲ, ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು ನಮಗೆಲ್ಲ ಗೊತ್ತಿದೆ. ಆದರೆ ವೇಗವಾಗಿ ಓಡುವವನಿಗೆ ನಮ್ಮ ಮದ್ದು ಬೇಕಿಲ್ಲ. ಮದ್ದು ಬೇಕಾದದ್ದು ಮನೆಯಿಂದ ಹೊರಡಲು ಹಿಂಜರಿಯುವವರಿಗೆ. ಹಾಗಾಗಿ ನಾನು ಪಟ್ಟಿ ತೆಗೆದವರ ಪರ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಸಂಘಟನೆಗಳು ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ನಾನೂ ಅವುಗಳಲ್ಲಿ ಕುಳಿತಿದ್ದೇನೆ. ಪೆಂಡಾಲು, ಬ್ಯಾನರು, ಅತಿಥಿಗಳ ಭಾಷಣ ಎಲ್ಲ ಇರುತ್ತದೆ. ನೂರಾರು ಮಂದಿಯ ಬೆರಳು ಚುಚ್ಚಿ ಸಕ್ಕರೆ ನೋಡುತ್ತೇವೆ, ಚೀಟಿ ಕೊಡುತ್ತೇವೆ. ಮರುದಿನ ಪೆಂಡಾಲು ಬಿಚ್ಚುತ್ತದೆ, ಕಾಯಿಲೆ ಉಳಿಯುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ವರ್ಷಕ್ಕೊಂದು ಶಿಬಿರ ಕಾಯಿಲೆಯನ್ನು ಪತ್ತೆ ಮಾಡಬಲ್ಲದು, ಹತೋಟಿಗೆ ತರಲಾರದು. ಹತೋಟಿಗೆ ವಾರ ವಾರದ ಶಿಸ್ತು ಬೇಕು.

ವಾರದ ಶಿಸ್ತು ನಮಗೆ ಹೊಸದೇ? ಜುಮಾಗೆ ಯಾರೂ ಆಮಂತ್ರಣ ಪತ್ರ ಕಳುಹಿಸುವುದಿಲ್ಲ. ಹೊತ್ತು ಗೊತ್ತು, ಜಾಗ ಗೊತ್ತು, ಶ್ರೀಮಂತನೂ ಬಡವನೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಜಮಾಅತಿನಲ್ಲಿ ದುರ್ಬಲರು, ರೋಗಿಗಳು, ವೃದ್ಧರು ಇರುತ್ತಾರೆಂದು ನಮಾಝನ್ನು ಹಗುರಗೊಳಿಸುವಂತೆ ಪ್ರವಾದಿ(ಸ)ರು ಇಮಾಮರಿಗೆ ಕಲಿಸಿದರು. ಕೊನೆಯವರನ್ನು ಕಾಯುವ ಪಾಠ ನಮ್ಮಲ್ಲೇ ಇದೆ.

‘ಐದು ಹೊತ್ತು ನಮಾಝ್ ಮಾಡುತ್ತೇವಲ್ಲ, ಅದೇ ವ್ಯಾಯಾಮ’ ಎನ್ನುವವರಿದ್ದಾರೆ. ನಮಾಝ್ ಇಬಾದತ್, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸಬಾರದು. ಇಚ್ಛೆಯಿಂದ ಮಾಡುವ, ಉಸಿರನ್ನು ಆಳವಾಗಿಸಿ ಚುರುಕುಗೊಳಿಸುವ ಚಲನೆಗೇ ಇಬ್ನ್ ಸೀನಾ ‘ರಿಯಾಝತ್’ ಎಂದರು. ದೇಹದ ಚಲನೆ ಮತ್ತು ವಿಶ್ರಾಂತಿ ಯುನಾನಿಯಲ್ಲಿ ಬದುಕಿಗೆ ಅನಿವಾರ್ಯವಾದ ಆರು ಅಂಶಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕು. ಹಿರಿಯರು ಮಸೀದಿಗೆ ನಡೆದು ಹೋಗುತ್ತಿದ್ದರು. ನಾವು ಎರಡು ಬೀದಿ ಆಚೆಗೂ ಸ್ಕೂಟರಿನಲ್ಲಿ ಹೋಗುತ್ತೇವೆ.

‘ಹೆಂಗಸರು ಬೀದಿಯಲ್ಲಿ ಓಡುವುದೇ?’ ಎಂಬುದು ಇನ್ನೊಂದು ಮಾತು. ಓಡಬೇಕೆಂದು ಯಾರೂ ಹೇಳುತ್ತಿಲ್ಲ. ಮದುವೆಗೆ, ಮಾರ್ಕೆಟ್ಟಿಗೆ ಬುರ್ಖಾ ಧರಿಸಿ ಹೋಗುವ ಮಹಿಳೆ ಅದೇ ಉಡುಪಿನಲ್ಲಿ ಹತ್ತು ಮಂದಿ ಗೆಳತಿಯರ ಜೊತೆ ನಡೆದರೆ ಹಯಾಗೆ ಯಾವ ಕುಂದೂ ಇಲ್ಲ. ಅವಳನ್ನು ಮನೆಯಲ್ಲೇ ಕೂರಿಸಿ, ಮಂಡಿ ನೋವು, ಬೊಜ್ಜು, ಸಕ್ಕರೆ ಬಂದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ಯಾವ ಗೌರವ?

ನನ್ನ ಸಲಹೆ ಸರಳ. ಪ್ರತಿ ಮೊಹಲ್ಲಾದಲ್ಲಿ ಭಾನುವಾರ ಫಜ್ರ್ ನಮಾಝಿನ ನಂತರ, ಬೆಳಕು ಹರಿದ ಮೇಲೆ, ಶಾಲೆಯ ಮೈದಾನದಲ್ಲೋ ವಾಹನ ಕಡಿಮೆ ಇರುವ ರಸ್ತೆಯಲ್ಲೋ ಎರಡು ಮೂರು ಕಿಲೋಮೀಟರ್ ನಡಿಗೆ. ಪುರುಷರದೊಂದು ಗುಂಪು, ಮಹಿಳೆಯರದೊಂದು ಗುಂಪು, ಮಕ್ಕಳೂ ಜೊತೆಗೆ. ಬ್ಯಾನರು, ಅತಿಥಿಗಳು ಬೇಡ. ಒಬ್ಬರು ಎಲ್ಲರಿಗಿಂತ ಹಿಂದೆ ನಡೆಯಲಿ. ಇನ್ನೊಬ್ಬರು ಬಂದವರ ಹೆಸರು ಬರೆದುಕೊಳ್ಳಲಿ. ಎರಡು ವಾರ ಕಾಣದಿದ್ದವರಿಗೆ ಫೋನ್ ಮಾಡಿ ವಿಚಾರಿಸಲಿ. ವಾರಕ್ಕೊಂದು ನಡಿಗೆ ಸಾಲದು, ನಿಜ. ಆದರೆ ಅಲ್ಲಿ ಸಿಕ್ಕ ಜೊತೆಗಾರರು ಉಳಿದ ದಿನಗಳಲ್ಲೂ ಬಾಗಿಲು ತಟ್ಟುತ್ತಾರೆ.

ಕೆಲವು ಎಚ್ಚರಿಕೆ ಬೇಕು. ಹೃದಯದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ. ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ತಕ್ಷಣ ನಿಂತು ಚಿಕಿತ್ಸೆ ಪಡೆಯಿರಿ. ಹೊಟ್ಟೆ ತುಂಬ ತಿಂದು ನಡೆಯಬೇಡಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಹೊರಡಬೇಡಿ; ಜೇಬಿನಲ್ಲಿ ಖರ್ಜೂರವೋ ಸಕ್ಕರೆಯೋ ಇರಲಿ. ಹವಾಯಿ ಚಪ್ಪಲಿ ಬೇಡ, ಪಾದ ಮುಚ್ಚುವ ಮೆತ್ತನೆಯ ಶೂ ಇರಲಿ. ಮನೆಗೆ ಬಂದು ಪಾದ ತೊಳೆದು ಒರೆಸಿ, ಗಾಯವಿದೆಯೇ ನೋಡಿ. ಮಾತನಾಡಲು ಆಗುವಷ್ಟು, ಆದರೆ ಹಾಡಲು ಆಗದಷ್ಟು ವೇಗ ಸಾಕು.

ಮುಂದಿನ ವರ್ಷ ಶಿಬಿರ ಏರ್ಪಡಿಸುವವರು ನನ್ನನ್ನು ಕರೆದರೆ ಖಂಡಿತ ಬರುತ್ತೇನೆ. ಅಷ್ಟರೊಳಗೆ ನಿಮ್ಮ ಮೊಹಲ್ಲಾದಲ್ಲಿ ಭಾನುವಾರದ ನಡಿಗೆ ಶುರುವಾಗಿರಲಿ. ಆಗ ‘ಯಾರ ಜೊತೆ ಹೋಗಲಿ’ ಎಂದು ಕೇಳುವ ತಾಯಂದಿರಿಗೆ ಅಲ್ಲೇ ಉತ್ತರ ಕೊಡಬಹುದು.