ನೋಡ್‌ನ ಬೀಗದ ಕೈ ಮನೆಯೊಳಗೇ ಇರಲಿ

ನಮ್ಮ ಮನೆಯ ವೈಫೈ ರೂಟರ್ ಪಕ್ಕ ಅಂಗೈ ಅಗಲದ ಒಂದು ಕಂಪ್ಯೂಟರ್ ಇದೆ, ರಾಸ್ಪ್‌ಬೆರಿ ಪೈ. ಅದಕ್ಕೆ 1 ಟಿಬಿ ಎಸ್‌ಎಸ್‌ಡಿ ಜೋಡಿಸಿ ಬಿಟ್‌ಕಾಯಿನ್ ನೋಡ್ ಓಡಿಸುತ್ತಿದ್ದೇನೆ. 2009ರಿಂದ ಈವರೆಗೆ ನಡೆದ ಬಿಟ್‌ಕಾಯಿನ್ ವ್ಯವಹಾರದ ಲೆಕ್ಕವೆಲ್ಲ ಅದರಲ್ಲಿದೆ, 600 ಜಿಬಿ ದಾಟಿದೆ.

"ತಿಂಗಳಿಗೆ ಎಷ್ಟು ಬರುತ್ತೆ?" ಅಂತ ಊರಲ್ಲಿ ಕೇಳುತ್ತಾರೆ. ಏನೂ ಬರಲ್ಲ. ನೋಡ್ ಲೆಕ್ಕ ಸರಿಯಿದೆಯಾ ಅಂತ ನೋಡುತ್ತದೆ, ಅಷ್ಟೇ. ಹೊಸ ನಾಣ್ಯ ಸಿಗುವುದು ಮೈನಿಂಗ್ ಮಾಡುವವರಿಗೆ. ಬಿಟ್‌ಕಾಯಿನ್ ನೋಡ್ ಇಟ್ಟರೆ ತಿಂಗಳ ಆದಾಯ ಅಂತ ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ.

ಈ ಪೆಟ್ಟಿಗೆಗೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಫೋನಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿ, ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ, ಕಪ್ಪು ಪರದೆಯಲ್ಲಿ 'ಬಿಟ್‌ಕಾಯಿನ್-ಸಿಎಲ್‌ಐ' ಅಂತ ಶುರುವಾಗುವ ಆಜ್ಞೆ ಟೈಪ್ ಮಾಡಬೇಕು. 'ಗೆಟ್‌ಬ್ಲಾಕ್‌ಚೈನ್‌ಇನ್ಫೋ' ಅಂದರೆ ಲೆಕ್ಕ ಎಲ್ಲಿಗೆ ಬಂತು ಅಂತ ಹೇಳುತ್ತದೆ. ಕರೆಂಟ್ ಹೋದರೆ ಯುಪಿಎಸ್ ಇಳಿಯುವ ಮುಂಚೆ 'ಸ್ಟಾಪ್' ಹೊಡೆಯಬೇಕು. ಮಿಕ್ಸಿ ಪ್ಲಗ್ ಕಿತ್ತ ಹಾಗೆ ಕಿತ್ತರೆ ಡೇಟಾ ಕೆಡಬಹುದು, ಆಮೇಲೆ ಈ ಪುಟ್ಟ ಯಂತ್ರ ಮತ್ತೆ ಮೊದಲಿನಿಂದ ಲೆಕ್ಕ ನೋಡುತ್ತಾ ದಿನಗಟ್ಟಲೆ ಕೂರುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಪೇಟೆಯಲ್ಲಿ ಇದ್ದಾಗಲೂ ನೋಡ್ ನೋಡಬೇಕು ಅನ್ನುವ ಆಸೆಗೆ, ಒಂದು ವಿಡಿಯೊ ನಂಬಿ ರೂಟರ್‌ನಲ್ಲಿ 22ನೇ ಪೋರ್ಟ್ ತೆರೆದಿಟ್ಟೆ. ಮಾರನೇ ದಿನ ಲಾಗ್ ತೆಗೆದರೆ ಸಾಲುಸಾಲು ಅಪರಿಚಿತರು: 'ರೂಟ್', 'ಅಡ್ಮಿನ್', 'ಪೈ' ಅನ್ನುವ ಹೆಸರಲ್ಲಿ ಪಾಸ್‌ವರ್ಡ್ ಊಹಿಸುತ್ತಿದ್ದರು. ನಮ್ಮೂರು ಅವರಿಗೆ ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲಿ ತೆರೆದ ಬಾಗಿಲು ಹುಡುಕುತ್ತಾ ಯಂತ್ರಗಳು ತಿರುಗುತ್ತಲೇ ಇರುತ್ತವೆ. ನನ್ನ ಪಾಸ್‌ವರ್ಡೋ, ನಮ್ಮ ನಾಯಿಯ ಹೆಸರು!

ಅವತ್ತೇ ಮುಚ್ಚಿದೆ. ಈಗ 'ಎಸ್‌ಎಸ್‌ಎಚ್-ಕೀಜೆನ್' ಬಳಸಿ ಮಾಡಿದ ಕೀ ಇರುವ ಫೋನಿಗೆ ಮಾತ್ರ ಪ್ರವೇಶ, ಪಾಸ್‌ವರ್ಡ್ ಲಾಗಿನ್ ಬಂದ್. ಹೊರಗಿನಿಂದ ಬರಬೇಕಾದರೆ ವೈರ್‌ಗಾರ್ಡ್ ವಿಪಿಎನ್ ಮೂಲಕವೇ. ಇನ್ನೊಂದು ಮಾತು: 8333 ಬೇರೆ ನೋಡ್‌ಗಳು ಬಂದು ಮಾತಾಡುವ ಪೋರ್ಟ್, ತೆರೆಯಬಹುದು. 8332 ನೋಡ್‌ಗೆ ಆಜ್ಞೆ ಕೊಡುವ ಪೋರ್ಟ್. ಅದನ್ನು ಹೊರಗೆ ತೆರೆಯಲೇಬೇಡಿ. ಕೊನೆಯ ಅಂಕಿಯೊಂದೇ ವ್ಯತ್ಯಾಸ, ಆದರೆ ಆ ನೋಡ್‌ನಲ್ಲಿ ನಿಮ್ಮ ವಾಲೆಟ್ ಇದ್ದರೆ ಹೋಗುವುದು ದುಡ್ಡು.

ಚಂದದ ಬಟನ್‌ಗಳಿರುವ ಆ್ಯಪ್ ಇರುವಾಗ ಈ ಕಪ್ಪು ಪರದೆ ಯಾಕೆ ಅಂತ ಗೆಳೆಯನ ತಕರಾರು. ಆ್ಯಪ್ ಬೇಡ ಅನ್ನಲ್ಲ. ಅದು ಕೈಕೊಟ್ಟ ದಿನ ನಾವು ಏನು ಮಾಡುತ್ತೇವೆ ಅನ್ನುವುದೇ ನನ್ನ ಭಯ. ಮೊಬೈಲ್ ಅಂಗಡಿ ಹುಡುಗನಿಗೆ ಫೋನ್ ಕೊಟ್ಟು, ಪಿನ್ನೂ ಬಾಯಲ್ಲೇ ಹೇಳಿ ಬರುವ ಜನ ನಾವು. ಬ್ಯಾಂಕಿನದಾದರೆ ದೂರು ಕೊಡಲು ಮ್ಯಾನೇಜರ್ ಇದ್ದಾರೆ. ಇಲ್ಲಿ ಹೋದ ಬಿಟ್‌ಕಾಯಿನ್ ವಾಪಸ್ ತರಿಸಲು ಯಾವ ಕೌಂಟರೂ ಇಲ್ಲ. ಹತ್ತು ಆಜ್ಞೆ ಕಲಿಯುವುದು ಅದಕ್ಕಿಂತ ಸಲೀಸು.

ನಾನು ಊರಲ್ಲಿಲ್ಲದಾಗ ಕರೆಂಟ್ ಹೋದರೆ 'ಸ್ಟಾಪ್' ಹೊಡೆಯುವುದು ಅಮ್ಮ. ಅವರ ಫೋನಿಗೂ ಬೇರೆ ಕೀ ಮಾಡಿಕೊಟ್ಟಿದ್ದೇನೆ. ಆ ಒಂದು ಸಾಲನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡಿದ್ದಾರೆ.