ಹಿಮ ನೂಕುವ ಗಾಡಿಯೂ ನಮ್ಮ ಹೆಣ್ಣುಮಕ್ಕಳೂ



ಮಾಸೂರಿನಲ್ಲಿ ಹಿಮ ಬೀಳುವದಿಲ್ಲ. ಆದುದರಿಂದ ಈ ಸ್ಮರಣಸಂಚಿಕೆಯಲ್ಲಿ ಹಿಮ ತೆಗೆಯುವ ಸಂಗತಿಯನ್ನು ಬರೆಯಹೊರಟ ಮುಖ್ಯಾಧ್ಯಾಪಿಕೆಯ ಬುದ್ಧಿಯ ವಿಷಯವಾಗಿ ನಿಮ್ಮಲ್ಲಿ ಕೆಲವರಿಗೆ ಸಂಶಯ ಹುಟ್ಟಿದರೆ ನಾನು ಬೇಸರಪಡಲಾರೆನು. ಆದರೆ ನಮ್ಮ ಶಾಲೆಯಲ್ಲಿ ಕಲಿತು, ದಾದಿಯರಾಗಿಯೋ ಗಂಡನ ಉದ್ಯೋಗದ ನಿಮಿತ್ತವಾಗಿಯೋ ಶೀತದೇಶಗಳಿಗೆ ಹೋಗಿ ನೆಲೆಸಿದವರು ಇದ್ದಾರೆ. ಅವರಲ್ಲೊಬ್ಬಳು ಅಮೇರಿಕೆಯ ಮಿನೆಸೋಟಾ ಸಂಸ್ಥಾನದಲ್ಲಿ ಆಸ್ಪತ್ರೆಯ ದಾದಿಯಾಗಿದ್ದಾಳೆ. ಕಳೆದ ಚಳಿಗಾಲದಲ್ಲಿ ಆಕೆ ಫೋನಿನಲ್ಲಿ ನನಗೆ ಹೇಳಿದ ಮಾತೊಂದು ಈವರೆಗೂ ಮನಸ್ಸಿನಿಂದ ಹೋಗಿಲ್ಲ.

“ಅಕ್ಕೋರೇ, ಗಾಡಿ ಮನ್ಯಾಗ ಇತ್ತು. ನನಗ ಹೊಡಿಯಾಕ ಬರ್ತಿರಲಿಲ್ಲ.”

ನಡೆದದ್ದು ಇಷ್ಟು. ಅಲ್ಲಿ ಬೀದಿಯಿಂದ ಮನೆಯ ಮೋಟಾರು ನಿಲ್ಲಿಸುವ ಕೋಣೆಯವರೆಗೆ ಬಹಳಷ್ಟು ಮನೆಗಳಿಗೆ ಸ್ವಂತದ ಹಾದಿಯೊಂದು ಇರುತ್ತದೆ. ಅದಕ್ಕೆ ಡ್ರೈವ್‌ವೇ ಎನ್ನುತ್ತಾರೆ. ಬೀದಿಯ ಹಿಮವನ್ನು ಊರಿನವರು ತೆಗೆಸುವರು. ಈ ಹಾದಿಯ ಹಿಮವನ್ನು ಮನೆಯವರೇ ತೆಗೆಯಬೇಕು. ಆಕೆಯ ಮನೆಯ ಹಾದಿ ಸುಮಾರು 20 ಮೀಟರು ಉದ್ದ, 5 ಮೀಟರು ಅಗಲ. ಒಂದು ಅಡಿ ಹಿಮ ಬಿದ್ದರೆ ಅಷ್ಟರಲ್ಲಿಯೇ 30 ಘನಮೀಟರು ಆಯಿತು. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಕಂಡರೂ ಘನಮೀಟರಿಗೆ 50ರಿಂದ 100 ಕಿಲೋ ತೂಗುವದು. ತೇವವಾಗಿ ಅಮರಿದ ಹಿಮದ ತೂಕ ಇನ್ನೂ ಎಷ್ಟೋ ಹೆಚ್ಚು. ನೂರು ಕಿಲೋ ಎಂದು ಹಿಡಿದರೂ 30 ಕ್ವಿಂಟಲು. ಗೋವಿನಜೋಳದ ಕ್ವಿಂಟಲು ಚೀಲಗಳನ್ನು ಮೂವತ್ತು ಸಾಲಾಗಿ ನಿಲ್ಲಿಸಿ, ಬೆಳಗಾಗುವದರೊಳಗೆ ಇವನ್ನು ಸಲಿಕೆಯಿಂದ ಆಚೆಗೆ ಹಾಕು ಎಂದಂತೆ. ಇಂಥ ಕೆಲಸದಲ್ಲಿ ಎದೆನೋವು ಬಂದು ಸಾಯುವವರಿರುವದರಿಂದ ಆ ದೇಶಗಳ ವೈದ್ಯರು ಪ್ರತಿವರ್ಷವೂ ಜನರನ್ನು ಎಚ್ಚರಿಸುತ್ತಾರೆ.

ಈ ಕಷ್ಟಕ್ಕೆಂದೇ ಆ ಮನೆಯಲ್ಲಿ ಎ.ಟಿ.ವಿ. ಎಂಬ ಸಣ್ಣ ವಾಹನವಿತ್ತು. ನಮ್ಮ ಹುಡುಗಿಯರು ಅದನ್ನು ನೋಡಿದರೆ ನಾಲ್ಕು ಗಾಲಿಯ ಫಟಫಟಿ ಎಂದಾರು. ಅದೇ ಸರಿಯಾದ ಹೆಸರೆಂದು ನನಗೂ ತೋರುತ್ತದೆ. ಆದರೆ ಗಂಡನು ತಾಯಿಗೆ ಅಸ್ವಸ್ಥವೆಂದು ಊರಿಗೆ ಬಂದಿದ್ದನು. ಏಳು ಗಂಟೆಗೆ ಆಕೆ ಆಸ್ಪತ್ರೆಯಲ್ಲಿರಬೇಕು. ಅವಳು ನಾಲ್ಕಕ್ಕೆ ಎದ್ದು, ಮಲಗಿದ ಮಕ್ಕಳನ್ನು ಒಳಗೆ ಬಿಟ್ಟು, ಗಾಡಿಯ ಪಕ್ಕದಲ್ಲಿಯೇ ಇದ್ದ ಸಲಿಕೆಯನ್ನು ತೆಗೆದುಕೊಂಡು ಹೊರಬಿದ್ದಳು. ಎರಡು ತಾಸು ದುಡಿದು ಬೀದಿಯನ್ನು ಮುಟ್ಟುವಷ್ಟರಲ್ಲಿ ಊರಿನ ದೊಡ್ಡ ಯಂತ್ರವು ಬೀದಿಯ ಹಿಮವನ್ನು ಬದಿಗೆ ತಳ್ಳುತ್ತ ಹಾಯ್ದುಹೋಗಿ, ಅವಳ ಹಾದಿಯ ಬಾಯಿಗೆ ಮೊಣಕಾಲೆತ್ತರದ ಒಡ್ಡು ಹಾಕಿತು. ಇದು ಯಾರ ತಪ್ಪೂ ಅಲ್ಲ. ಅಲ್ಲಿ ದಿನವೂ ನಡೆಯುವದೇ. ಆದರೆ ಆಕೆಗೆ ಅಳು ಬಂತಂತೆ. ಆಗ ಎದುರುಮನೆಯ ಎಪ್ಪತ್ತು ವರ್ಷದ ಮುದುಕಿ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ತನ್ನ ಗಾಡಿಯ ಮೇಲೆ ಬಂದು, ಹತ್ತು ಮಿನಿಟಿನೊಳಗೆ ಎಲ್ಲವನ್ನೂ ನೂಕಿ ತೆಗೆದಳು. ಅಂದು ಸಂಜೆಯೇ ನಮ್ಮ ಹುಡುಗಿಯನ್ನು ಅವಳ ಮನೆಯ ಗಾಡಿಯ ಮೇಲೆ ಕೂಡ್ರಿಸಿ ಪಾಠವನ್ನೂ ಮಾಡಿದಳು.

ಆ ಪಾಠವನ್ನು ಕೇಳಿ ತಿಳಿದುಕೊಳ್ಳಲು ನಾನು ಅರ್ಧ ತಾಸು ಫೋನು ಹಿಡಿದು ಕುಳಿತೆನೆಂದರೆ ನಗಬೇಡಿರಿ. ಅದರಲ್ಲಿ ನಮ್ಮ ಹೊಲದ ಬುದ್ಧಿಯೇ ತುಂಬಿದೆ. ಗಾಡಿಯ ಮುಂದೆ ಕಣದಲ್ಲಿ ರಾಶಿ ಗೋರುವ ಹಲಗೆಯಂಥ ಉಕ್ಕಿನ ಹಲಗೆಯೊಂದು ಇರುತ್ತದೆ. ಅಗಲ ನಾಲ್ಕರಿಂದ ಐದು ಅಡಿ. ಸಣ್ಣ ರಾಟೆಯೊಂದು ಹಗ್ಗವನ್ನು ಸುತ್ತಿ ಅದನ್ನು ಮೇಲೆತ್ತುವದು, ಕೆಳಗಿಳಿಸುವದು. ಹಲಗೆಯನ್ನು ಓರೆಯಾಗಿ ನಿಲ್ಲಿಸಿದರೆ ಹಿಮವು ಒಂದು ಬದಿಗೆ ಸರಿಯುತ್ತ ಹೋಗುವದು. ನೆಟ್ಟಗೆ ನಿಲ್ಲಿಸಿದರೆ ಮುಂದಕ್ಕೆ ನೂಕಲ್ಪಡುವದು. ಕಲ್ಲಿಗೆ ತಾಗಿದಾಗ ಮುರಿಯದಂತೆ ಹಿಂದೆ ಸ್ಪ್ರಿಂಗುಗಳಿರುತ್ತವೆ. ಗಾಡಿ ಹಗುರವಾದ್ದರಿಂದ ಗಾಲಿಗಳು ಜಾರುವವು. ಅದಕ್ಕೆ ಗಾಲಿಗೆ ಸರಪಳಿ ಸುತ್ತಬೇಕು, ಹಿಂದುಗಡೆ ಉಸುಕಿನ ಚೀಲದ ಭಾರ ಹೇರಬೇಕು. ಓಡಿಸುವದು ಕೆಳಗಿನ ಗೇರಿನಲ್ಲಿ, ಮನುಷ್ಯನ ನಡಿಗೆಯ ವೇಗದಲ್ಲಿ. ಒಂದಡಿ ಬೀಳಲೆಂದು ಕಾಯಬಾರದು. ನಾಲ್ಕೈದು ಅಂಗುಲ ಬಿದ್ದ ಕೂಡಲೆ ಒಮ್ಮೆ, ಮತ್ತೆ ಬಿದ್ದರೆ ಮತ್ತೊಮ್ಮೆ ನೂಕಬೇಕು. ನೆಲ ಹೆಪ್ಪುಗಟ್ಟುವ ಮೊದಲೇ ಹಾದಿಯ ಎರಡೂ ಅಂಚಿಗೆ ಗೂಟ ನೆಡಬೇಕು, ಇಲ್ಲವಾದರೆ ಹಿಮದಡಿಯಲ್ಲಿ ಹಾದಿ ಎಲ್ಲಿ, ಹೂವಿನ ಪಾತಿ ಎಲ್ಲಿ ಎಂಬುದೇ ತಿಳಿಯದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ವರ್ಷದ ಮೊದಲನೆಯ ಹಿಮವನ್ನು ಹಾದಿಯ ಅಂಚಿನಿಂದ ಬಹುದೂರ ನೂಕಿಡಬೇಕಂತೆ. ಅಂಚಿನಲ್ಲಿಯೇ ಬಿಟ್ಟರೆ ಆ ಒಡ್ಡು ಕಲ್ಲಿನಂತೆ ಗಟ್ಟಿಯಾಗಿ, ಮುಂದಿನ ಹಿಮಕ್ಕೆ ಸ್ಥಳವಿಲ್ಲದೆ, ಚಳಿಗಾಲ ಮುಗಿಯುವದರೊಳಗೆ ಹಾದಿಯು ವರ್ಷಾರಂಭದ ಅರ್ಧಕ್ಕೆ ಇಳಿಯುವದು.

ಹಿಮವನ್ನು ಎಲ್ಲಿಗಾದರೂ ನೂಕಲಿಕ್ಕೂ ಬಾರದು. ಸಾರ್ವಜನಿಕ ರಸ್ತೆಗೆ ನೂಕುವದು ಮಿನೆಸೋಟಾದಲ್ಲಿಯೂ ಕೆನಡಾದ ಒಂಟೇರಿಯೋ ಪ್ರಾಂತದಲ್ಲಿಯೂ ಕಾನೂನಿಗೆ ವಿರುದ್ಧ. ಮುಂಜಾನೆ ನಮ್ಮ ಅಂಗಳದ ಕಸವನ್ನು ಎದುರುಮನೆಯ ಗಟಾರದವರೆಗೆ ಜಾಣತನದಿಂದ ಸಾಗಿಸುವವರು ಮಾಸೂರಿನಲ್ಲಿ ಇಲ್ಲವೆಂದು ನಾನು ಹೇಳಲಾರೆನು; ಅದಿರಲಿ.

ನಾನು ಹೇಳಬೇಕೆಂದಿರುವದು ಆ ಗಾಡಿಯ ಮೇಲೆ ಯಾರು ಕೂಡ್ರಬೇಕೆಂಬುದನ್ನು. ಮನೆಯ ಮುಂದಣ ನೆಲವನ್ನು ಶುದ್ಧವಾಗಿಡುವದು ನಮ್ಮಲ್ಲಿ ಎಂದಿನಿಂದಲೂ ಹೆಣ್ಣಿನ ಕೆಲಸ. ಕಸಬರಿಗೆ ಅವಳದು, ಸಗಣಿಯ ಬುಟ್ಟಿ ಅವಳದು, ಮಳೆಗಾಲದಲ್ಲಿ ಬಾಗಿಲಿಗೆ ಬಂದ ರಾಡಿಯನ್ನು ಗೋರುವ ಸಲಿಕೆಯೂ ಅವಳದು. 2019ರ ಆಗಸ್ಟಿನಲ್ಲಿ ನಮ್ಮ ಹಾವೇರಿ ಜಿಲ್ಲೆಯಲ್ಲಿ ನೆರೆ ಬಂದು ಇಳಿದ ಬಳಿಕ ಮನೆಗಳ ರಾಡಿಯನ್ನು ಬುಟ್ಟಿಯಲ್ಲಿ ಹೊತ್ತುಹಾಕಿದವರು ಬಹುಪಾಲು ಯಾರೆಂಬುದನ್ನು ಕಂಡವರು ಬಲ್ಲರು. ಆದರೆ ಅದೇ ಕೆಲಸಕ್ಕೆ ಎಂಜಿನ್ನೊಂದು ಬಂದ ಕ್ಷಣವೇ ಅದು ಗಂಡಸಿನ ಕೆಲಸವಾಗುವದು. ಬೀಸುವ ಕಲ್ಲು ಅವಳದು, ಹಿಟ್ಟಿನ ಗಿರಣಿ ಅವನದು. ಸೇದುವ ಹಗ್ಗ ಅವಳದು, ಪಂಪಿನ ಗುಂಡಿ ಅವನದು. ಬೀಸುವ ಕಲ್ಲು ಮರಳಿ ಬರಲೆಂದು ನಾನು ಹಾರೈಸುವದಿಲ್ಲ. ನನ್ನ ಅಜ್ಜಿಯ ಅಂಗೈಯನ್ನು ನಾನು ನೋಡಿದ್ದೇನೆ. ಆದರೆ ಗುಂಡಿ ಒತ್ತುವವನು ಊರಲ್ಲಿಲ್ಲದ ದಿನ ಹಗ್ಗವು ತಿರುಗಿ ಯಾರ ಕೈಗೆ ಬರುತ್ತದೆ? ಮಿನೆಸೋಟಾದಲ್ಲಿಯೂ ಬಂದದ್ದು ಅದೇ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಸ್ವೀಡನ್ ದೇಶದ ಕಾರ್ಲ್‌ಸ್ಕೋಗಾ ಎಂಬ ಊರಿನವರು 2011ರ ಸುಮಾರಿಗೆ ತಮ್ಮ ಹಿಮ ತೆಗೆಯುವ ಕ್ರಮವನ್ನು ಪರೀಕ್ಷಿಸಿ ನೋಡಿದರು. ದೊಡ್ಡ ರಸ್ತೆಗಳನ್ನು ಮೊದಲು, ಕಾಲುಹಾದಿಗಳನ್ನು ಕಡೆಗೆ ತೆಗೆಯುವ ರೂಢಿಯಿತ್ತು. ಮೋಟಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು, ನಡೆದುಹೋಗುವವರಲ್ಲಿ ಹೆಂಗಸರು ಹೆಚ್ಚು. ಜಾರಿಬಿದ್ದು ಪೆಟ್ಟು ಮಾಡಿಕೊಳ್ಳುವವರೂ ನಡೆಯುವವರೇ. ಆದುದರಿಂದ ಅವರು ಕಾಲುಹಾದಿಗಳನ್ನು ಮುಂದಕ್ಕೆ ತಂದರು. 2016ರ ನವಂಬರದಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಪರೀತ ಹಿಮ ಬಿದ್ದು ಸಂಚಾರವೇ ನಿಂತಾಗ, ಅಲ್ಲಿಯೂ ಕೈಕೊಂಡಿದ್ದ ಈ ಹೊಸ ಕ್ರಮದ ಮೇಲೆ ಜನರು ಹರಿಹಾಯ್ದರೆಂಬುದೂ ನಿಜವೇ. ಅಷ್ಟು ಹಿಮಕ್ಕೆ ಯಾವ ಕ್ರಮವಿದ್ದರೂ ಸೋಲುತ್ತಿತ್ತೆಂದು ನನ್ನ ಎಣಿಕೆ.

ಇನ್ನು ನನ್ನ ಸ್ವಂತದ ಮಾತು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಪ್ರತಿವರ್ಷವೂ ನಾನು ಕರಿಹಲಗೆಯ ಮೇಲೆ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಿಂದ ಕವಾಟಗಳನ್ನು ತೋರಿಸಿ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಮನೆಯಲ್ಲಿ ನೆಲ ಹದವಾಗಿದ್ದಾಗ ತಮ್ಮನು ಜ್ವರದಿಂದ ಮಲಗಿದನು. ಪವರ್ ಟಿಲ್ಲರು ಅಂಗಳದಲ್ಲಿ ಮೂರು ದಿವಸ ಸುಮ್ಮನೆ ನಿಂತಿತ್ತು. ಅದರ ಎಂಜಿನ್ನಿನೊಳಗೆ ನಡೆಯುವದೆಲ್ಲವನ್ನೂ ನಾನು ಬಲ್ಲೆನು. ಅದನ್ನು ಚಾಲೂ ಮಾಡುವದನ್ನು ಮಾತ್ರ ಅರಿಯೆನು. ಕಲಿಸೆಂದು ನಾನು ಕೇಳಿರಲಿಲ್ಲ, ಕಲಿಯೆಂದು ಯಾರೂ ಹೇಳಿರಲಿಲ್ಲ. ನಾಲ್ಕನೆಯ ದಿನ ಕೂಲಿಯವನು ಬರುವದರೊಳಗೆ ಹದ ಹೋಗಿತ್ತು.

ಅಪಾಯವಿಲ್ಲವೇ ಎಂದು ಕೇಳುವ ತಂದೆಗಳಿಗೆ ನಾನು ಎದುರಾಡುವದಿಲ್ಲ. ಅಪಾಯವಿದೆ. ಈ ಎ.ಟಿ.ವಿ.ಗಳು ಮೊದಲು ಮೂರು ಗಾಲಿಯವಾಗಿದ್ದು, ಉರುಳಿ ಜನರನ್ನು ಕೊಲ್ಲುತ್ತಿದ್ದುದರಿಂದ 1988ರಲ್ಲಿ ಅಮೇರಿಕೆಯ ಸರಕಾರವು ತಯಾರಕರೊಡನೆ ಒಪ್ಪಂದ ಮಾಡಿಕೊಂಡು ಹೊಸವುಗಳ ಮಾರಾಟವನ್ನು ನಿಲ್ಲಿಸಿತು. ನಾಲ್ಕು ಗಾಲಿಯವೂ ಇಳಿಜಾರಿನಲ್ಲಿ ಉರುಳುತ್ತವೆ. ದೊಡ್ಡವರ ಗಾಡಿಯನ್ನು ಹದಿನಾರರ ಒಳಗಿನ ಮಕ್ಕಳಿಗೆ ಕೊಡಬಾರದೆಂದು ಅಲ್ಲಿ ಎಚ್ಚರಿಕೆಯಿದೆ. ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಿದರೆ ವಿಷವಾಯು ತುಂಬಿ, ವಾಸನೆಯೂ ಬಾರದೆ ಪ್ರಾಣಹಾನಿಯಾಗುವದು. ಟಿಲ್ಲರಿನ ತಿರುಗುವ ಹಲ್ಲಿಗೆ ಸೀರೆಯ ಸೆರಗು ಸಿಕ್ಕರೆ ಆಗುವದನ್ನು ನಾನು ಬರೆಯುವದಿಲ್ಲ. ಆದರೆ ಒಲೆಯಲ್ಲಿಯೂ ಅಪಾಯವಿದೆಯಷ್ಟೆ. ಒಲೆಯನ್ನು ಹುಡುಗಿಗೆ ಕಲಿಸದೆ ಬಿಟ್ಟ ತಂದೆಯನ್ನು ನಾನು ಇನ್ನೂ ಕಂಡಿಲ್ಲ.

ಬರುವ ಜೂನಿನಿಂದ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಮೈದಾನದಲ್ಲಿ ಯಂತ್ರದ ಪಾಠವನ್ನು ನಡಿಸಬೇಕೆಂದು ನಿಶ್ಚಯಿಸಿದ್ದೇವೆ. ಒಂಬತ್ತು ಮತ್ತು ಹತ್ತನೆಯ ಇಯತ್ತೆಯ ಹುಡುಗಿಯರಿಗೆ ನಿಂತ ಎಂಜಿನ್ನಿನ ಮೇಲೆ ಮಾತ್ರ ಪಾಠ: ಎಣ್ಣೆ ನೋಡುವದು, ಗಾಳಿಯ ಜರಡಿ ತೊಳೆಯುವದು, ಪಟ್ಟಿಯ ಬಿಗಿ ಪರೀಕ್ಷಿಸುವದು, ಪಾನಾ ಹಿಡಿಯುವದು. ನಡಿಸುವದನ್ನು ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿನಿಯರಿಗೆ ಮಾತ್ರ, ಅನುಭವಿಕ ಮೇಸ್ತ್ರಿಯ ಎದುರಿನಲ್ಲಿ, ಸೆರಗು ಬಿಗಿದು ಕಟ್ಟಿ, ಕಲಿಸಲಾಗುವದು. ಒಪ್ಪಿಗೆಯ ಚೀಟಿಗಳನ್ನು ಮನೆಗಳಿಗೆ ಕಳಿಸಿದ್ದೆವು. ಮರಳಿ ಬಂದವು ಅರ್ಧಕ್ಕಿಂತ ಕಡಿಮೆ. ಕೆಲವುಗಳ ಮೇಲೆ “ಬೇಡ” ಎಂದಿದೆ. ಒಂದರ ಮೇಲೆ “ನಮ್ಮ ಹುಡುಗಿ ಡ್ರೈವರ ಆಗಬೇಕಾಗಿಲ್ಲ” ಎಂದು ಬರೆದಿದ್ದಾರೆ. ಮತ್ತೊಂದರಲ್ಲಿ ತಂದೆಯ ಸಹಿಯ ಕೆಳಗೆ ತಾಯಿ ಪೆನ್ಸಿಲಿನಿಂದ, ತಾನೂ ಬರಬಹುದೇ ಎಂದು ಕೇಳಿದ್ದಾಳೆ. ಆಕೆ ನಮ್ಮ ಶಾಲೆಯವಳಲ್ಲ. ಆದರೂ ಹೆಸರನ್ನು ಬರೆದುಕೊಂಡಿದ್ದೇನೆ.

ಉಳಿದ ಚೀಟಿಗಳನ್ನು ಮೇ ತಿಂಗಳ ಕೊನೆಯೊಳಗೆ ಶಾಲೆಯ ಕಚೇರಿಗೆ ತಲುಪಿಸಬೇಕು. ಒಲ್ಲೆನೆನ್ನುವವರು ಚೀಟಿ ಕಳಿಸದೆ ಸುಮ್ಮನಿರುವದಕ್ಕಿಂತ ಒಮ್ಮೆ ನೇರವಾಗಿ ಬಂದು ನನ್ನೊಡನೆ ವಾದಿಸಲಿ. ಶನಿವಾರ ಹನ್ನೆರಡರ ತರುವಾಯ ನಾನು ಕಚೇರಿಯಲ್ಲಿಯೇ ಇರುತ್ತೇನೆ.